ಎಳೆಗೂಸಿನ ತಾಯಿಯನ್ನು ಕಾಡುವ ಪಾಪಪ್ರಜ್ಞೆ: ಯಾವುದು ತಪ್ಪು, ಯಾವುದು ದಣಿವು, ಯಾವುದು ಕಾಯಿಲೆ

ಪ್ರಶ್ನೆ: ನನಗೆ 29 ವರ್ಷ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಒಳಗೆ, ಗುಡ್ಡದ ಬದಿಯ ಒಂದು ಊರಿನವಳು. ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಗಂಡ ಕುವೈತ್‌ನಲ್ಲಿದ್ದಾರೆ. ಮದುವೆಯಾಗಿ ಐದು ವರ್ಷ ಮಗುವಿಗಾಗಿ ಪ್ರಾರ್ಥಿಸಿದ ಮೇಲೆ ಕಳೆದ ಆಗಸ್ಟ್‌ನಲ್ಲಿ ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿತು; ಈಗ 11 ವಾರ. ಮೊದಲ ನಾಲ್ಕು ದಿನ ಹಾಲು ಇಳಿಯಲಿಲ್ಲ, ಪುಡಿಹಾಲು ಕೊಡಬೇಕಾಯಿತು. ಈಗಲೂ ರಾತ್ರಿ ಒಂದು ಸಲ ಅದನ್ನೇ ಕೊಡುತ್ತೇನೆ. ನೋವು ತಿಂದು ಹೆತ್ತವಳಲ್ಲ, ಅದಕ್ಕೇ ಹಾಲಿಲ್ಲ ಎಂದು ಒಬ್ಬರು ಹೇಳಿದರು. ಮಗುವನ್ನು ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಇಗರ್ಜಿಗೆ (ಚರ್ಚಿಗೆ) ಕರೆತರುತ್ತೇನೆಂದು ಹರಕೆ ಹೊತ್ತಿದ್ದೆ. ಹೊಲಿಗೆ ಕೀವಾಗಿ ಹೋಗಲಾಗಲಿಲ್ಲ. ಬಾಣಂತಿ ನಲವತ್ತು ದಿನ ಇಗರ್ಜಿಯ ಮೆಟ್ಟಿಲು ಹತ್ತಬಾರದು ಎಂದು ಕೆಲವರು, ಭಾನುವಾರದ ಪೂಜೆ ತಪ್ಪಿಸಿದೆ ಎಂದು ಇನ್ನು ಕೆಲವರು. ಗಂಡ ಕ್ರಿಸ್ಮಸ್‌ಗೆ ಬರುವವರೆಗೆ ಮಗುವಿನ ಜ್ಞಾನಸ್ನಾನವನ್ನು (ಬ್ಯಾಪ್ಟಿಸಂ) ಮುಂದೂಡಿದ್ದೇವೆ; ಅಷ್ಟರಲ್ಲಿ ಮಗುವಿಗೆ ಏನಾದರೂ ಆದರೆ ಅದರ ಆತ್ಮದ ಗತಿ ಏನೆಂದು ರಾತ್ರಿಯೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಸಂಜೆ ಜಪಸರ ಹೇಳುತ್ತಲೇ ನಿದ್ದೆ ಬಂದುಬಿಡುತ್ತದೆ. ಒಂದು ರಾತ್ರಿ ಮಗು ಅಳು ನಿಲ್ಲಿಸದಿದ್ದಾಗ ‘ಬಾಯಿ ಮುಚ್ಚು’ ಎಂದು ಕಿರುಚಿ, ಅದನ್ನು ಹಾಸಿಗೆಯ ಮೇಲೆ ಬಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಎಲ್ಲಕ್ಕಿಂತ ದೊಡ್ಡದು ಹೇಳಲು ಕೈ ನಡುಗುತ್ತದೆ. ಬಾವಿಕಟ್ಟೆಯ ಹತ್ತಿರ ಮಗುವನ್ನೆತ್ತಿಕೊಂಡು ನಿಂತರೆ ‘ಎಸೆದುಬಿಟ್ಟರೆ?’ ಎಂಬ ಯೋಚನೆ ಬರುತ್ತದೆ. ಈಗ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ. ಪ್ರಾರ್ಥನೆ ಕಡಿಮೆಯಾದ ಮನೆಯಲ್ಲಿ ಸೈತಾನ ಇಂಥ ಯೋಚನೆ ಹಾಕುತ್ತಾನೆ ಎಂದು ಪ್ರಾರ್ಥನಾ ಕೂಟದ ಒಬ್ಬರು ಹೇಳಿದ್ದರಿಂದ ಯಾರಿಗೂ ತಿಳಿಸಿಲ್ಲ, ಪಾಪನಿವೇದನೆಗೂ ಹೋಗಿಲ್ಲ. ಕೇಳಿ ಪಡೆದ ಮಗುವನ್ನು ನೋಡಿದರೂ ಸಂತೋಷ ಬರುತ್ತಿಲ್ಲ. ನಾನಿಲ್ಲದಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ತಾಯಿ ಸಿಗಬಹುದು ಅನಿಸುತ್ತದೆ. ನಾನು ಮಾಡಿದ ಪಾಪ ಯಾವುದು, ಇದರಿಂದ ಹೊರಬರುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ, ನೀವು ನಿಮ್ಮ ಮೇಲೆ ಹೊರಿಸಿಕೊಂಡ ಆರೋಪಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಹಾಲು, ಹೆರಿಗೆಯ ರೀತಿ, ಹರಕೆ, ಪೂಜೆ ಮತ್ತು ಜಪಸರ, ಜ್ಞಾನಸ್ನಾನ, ಕಿರುಚಿದ್ದು, ಬಾವಿಯ ಯೋಚನೆ, ಸಂತೋಷವಿಲ್ಲದಿರುವುದು: ಒಟ್ಟು ಎಂಟು. ಈ ಎಂಟರಲ್ಲಿ ನೀವು ನಿಜವಾಗಿ ಕೈಯಾರೆ ಅಥವಾ ಬಾಯಾರೆ ಮಾಡಿದ್ದು ಒಂದೇ ಒಂದು, ಆ ರಾತ್ರಿಯ ಕಿರುಚಾಟ. ಉಳಿದವು ನಿಮಗೆ ಸಂಭವಿಸಿದವು, ನಿಮ್ಮ ಕೈ ಮೀರಿದವು ಅಥವಾ ಕೇವಲ ಮನಸ್ಸಿನಲ್ಲಿ ಹಾದುಹೋದವು. ಆದರೂ ಎಂಟೂ ನಿಮಗೆ ಒಂದೇ ತೂಕದ ಪಾಪವಾಗಿ ಕಾಣುತ್ತಿವೆ. ಇಪ್ಪತ್ತು ವರ್ಷಗಳಿಂದ ಈ ಗಡಿನಾಡಿನ ಬಾಣಂತಿಯರನ್ನು ನೋಡುತ್ತ ಬಂದ ಮನೋವೈದ್ಯೆಯಾಗಿ ನನಗೆ ಗೊತ್ತಿರುವುದು ಇಷ್ಟು: ಆರೋಗ್ಯವಾಗಿರುವ ಮನಸ್ಸಿನಲ್ಲಿ ತಪ್ಪು ಮೊದಲು, ತಪ್ಪಿತಸ್ಥ ಭಾವನೆ ಆಮೇಲೆ, ಬಳಲಿದ ಮನಸ್ಸಿನಲ್ಲಿ ಆ ಭಾವನೆ ಮೊದಲು ಬಂದು ಕೂರುತ್ತದೆ, ಆಮೇಲೆ ತನಗೆ ತಕ್ಕ ತಪ್ಪನ್ನು ಹುಡುಕಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿರುವುದು ಎರಡನೆಯದು.

ಬೇರೆಲ್ಲಕ್ಕಿಂತ ಮೊದಲು ನಿಮ್ಮ ಕೊನೆಯ ಸಾಲುಗಳ ವಿಷಯ. ‘ನಾನಿಲ್ಲದಿದ್ದರೆ’ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಮನೆಯಲ್ಲಿ ನೀವು ನಂಬುವ ಒಬ್ಬರಿಗೆ, ಅಮ್ಮನಿಗೋ ಅಕ್ಕನಿಗೋ, ಇದೇ ಮಾತನ್ನು ಇದೇ ಶಬ್ದಗಳಲ್ಲಿ ಹೇಳಿ. ಈ ವಾರದೊಳಗೆ ವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬಲವಾದರೆ ಅಥವಾ ಹೇಗೆ ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ಸುಳಿದರೆ ವಾರ ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಒಬ್ಬರೇ ಮಲಗಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅಲ್ಲಿ ಭಾಷೆ ಆರಿಸಿಕೊಳ್ಳಲು ಅವಕಾಶವಿದೆ, ಕನ್ನಡವೂ ಇದೆ.

ಇನ್ನು ನೀವು ಕೇಳಿದ ಪ್ರಶ್ನೆ: ಪಾಪ ಯಾವುದು? ನಾನು ಧರ್ಮಶಾಸ್ತ್ರ ಓದಿದವಳಲ್ಲ. ಆದರೆ ಸಂಜೆಯ ಜಪಸರದ ದನಿ ಕೇಳುತ್ತಲೇ ಬೆಳೆದವಳು. ಜೊತೆಗೆ, ಭಕ್ತೆಯಾದ ತಾಯಿಗೆ ‘ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ’ ಎಂದು ಹೇಳಿದರೆ ಅವಳ ಭಾರ ಇಳಿಯುವುದಿಲ್ಲ ಎಂಬುದನ್ನು ನನ್ನ ವೃತ್ತಿಯೇ ಕಲಿಸಿದೆ. ಆದ್ದರಿಂದ ನಿಮ್ಮ ಧರ್ಮಸಭೆ ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನೇ ಮುಂದಿಟ್ಟುಕೊಂಡು ನೋಡೋಣ. ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ ಒಂದು ಕೃತ್ಯ ಮಾರಕ ಪಾಪವಾಗಬೇಕಾದರೆ ಮೂರೂ ಸಂಗತಿಗಳು ಒಟ್ಟಿಗಿರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂಬ ಪೂರ್ಣ ಅರಿವಿರಬೇಕು, ಮತ್ತು ಮನಸ್ಸು ಸ್ವಇಚ್ಛೆಯಿಂದ ಒಪ್ಪಿಗೆ ಕೊಟ್ಟಿರಬೇಕು. ಒಪ್ಪಿಗೆಯೇ ಇಲ್ಲದ ಕಡೆ ಪಾಪವೂ ಇಲ್ಲ. ನಿಮ್ಮನ್ನು ನೀವು ಅಳೆಯುತ್ತಿರುವ ಕೋಲು ನಿಮ್ಮ ಧರ್ಮಸಭೆಯ ಕೋಲಿಗಿಂತ ಬಹಳ ಕಠಿಣವಾದದ್ದು.

ಭಾನುವಾರದ ಪೂಜೆಯ ಮಾತು ಬಂದಾಗಲಂತೂ ಅದೇ ಗ್ರಂಥದ 2181ನೆಯ ಪರಿಚ್ಛೇದ ಸ್ಪಷ್ಟವಾಗಿದೆ. ಪೂಜೆಯಲ್ಲಿ ಭಾಗವಹಿಸುವುದು ಕರ್ತವ್ಯ ಎಂದು ಹೇಳಿದ ವಾಕ್ಯದಲ್ಲೇ, ಗಂಭೀರ ಕಾರಣವಿದ್ದರೆ ವಿನಾಯಿತಿ ಎಂದು ಸೇರಿಸಿ, ಕಾರಣಕ್ಕೆ ಕೊಟ್ಟಿರುವ ಉದಾಹರಣೆಗಳು ಎರಡು: ಕಾಯಿಲೆ ಮತ್ತು ಎಳೆಮಕ್ಕಳ ಆರೈಕೆ. ನಿಮಗೆ ಎರಡೂ ಇದ್ದವು. ಕೀವಾದ ಹೊಲಿಗೆ ಹೊತ್ತು, ಗುಡ್ಡದ ದಾರಿಯಲ್ಲಿ ಆಟೊದಲ್ಲಿ ಕುಲುಕಾಡುತ್ತ ನೀವು ಇಗರ್ಜಿಗೆ ಬರಬೇಕೆಂದು ನಿಮ್ಮ ಧರ್ಮಸಭೆ ಎಂದೂ ಕೇಳಿಲ್ಲ.

ನಲವತ್ತು ದಿನ ಮೆಟ್ಟಿಲು ಹತ್ತಬಾರದೆಂಬ ಮಾತು ಯಾಜಕಕಾಂಡದ 12ನೆಯ ಅಧ್ಯಾಯದಿಂದ ಇಳಿದು ಬಂದದ್ದು. ಗಂಡುಮಗುವಾದರೆ ಒಟ್ಟು 40 ದಿನ, ಹೆಣ್ಣಾದರೆ 80 ದಿನ ಎಂಬುದು ಹಳೆಯ ಯೆಹೂದ್ಯ ವಿಧಿ. ಮರಿಯಮ್ಮನವರು ಆ ವಿಧಿಯಂತೆ ದೇವಾಲಯಕ್ಕೆ ಹೋಗಿ, ಕುರಿ ಕೊಡಲಾಗದ ಬಡವರಿಗೆ ಅನುಮತಿ ಇದ್ದ ಎರಡು ಹಕ್ಕಿಗಳನ್ನು ಅರ್ಪಿಸಿದ್ದನ್ನು ಲೂಕನ ಸುವಾರ್ತೆ ಹೇಳುತ್ತದೆ. ಕ್ರೈಸ್ತರನ್ನು ಆ ವಿಧಿ ಕಟ್ಟಿಹಾಕುವುದಿಲ್ಲ. ಇಂದು ಜ್ಞಾನಸ್ನಾನದ ಪ್ರಾರ್ಥನಾವಿಧಿಯಲ್ಲೇ ತಾಯಿಗೆ ಪ್ರತ್ಯೇಕ ಆಶೀರ್ವಾದವಿದೆ. ಅದು ಶುದ್ಧೀಕರಣವಲ್ಲ, ಕೃತಜ್ಞತೆ. ಬಾಣಂತಿಗೆ ನಲವತ್ತು ದಿನದ ವಿಶ್ರಾಂತಿ ಎಂಬುದು ಮೈಗೆ ಬೇಕಾದದ್ದು, ನಾನದನ್ನು ಮನಸಾರೆ ಒಪ್ಪುತ್ತೇನೆ. ಆದರೆ ವಿಶ್ರಾಂತಿಯನ್ನು ಮೈಲಿಗೆ ಎಂದು ಕರೆದ ಕ್ಷಣಕ್ಕೆ ಅದು ಗಾಯವಾಗುತ್ತದೆ. ಹೋಗಬಾರದೆಂದು ಒಬ್ಬರು, ಯಾಕೆ ಹೋಗಲಿಲ್ಲವೆಂದು ಇನ್ನೊಬ್ಬರು ಹೇಳುವಾಗ ಯಾವ ತಾಯಿಯೂ ಇಬ್ಬರ ಕಣ್ಣಲ್ಲೂ ಸರಿಯೆನಿಸಿಕೊಳ್ಳಲಾರಳು.

ಹರಕೆಯ ವಿಷಯ ನಿಮಗೆ ಬಹಳ ನೋವು ಕೊಟ್ಟಿದೆ ಎಂದು ಕಾಣುತ್ತದೆ, ಅದಕ್ಕೆ ಅರ್ಥವೂ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬವೆಂದರೆ ನಮ್ಮ ಕರಾವಳಿಯಲ್ಲಿ ಬರೀ ಪಂಚಾಂಗದ ದಿನವಲ್ಲ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುವುದನ್ನು, ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುವುದನ್ನು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿ ಉಣ್ಣುವುದನ್ನು ನೀವು ಐದು ವರ್ಷ ಬರಿಗೈಯಲ್ಲಿ ನೋಡಿದ್ದೀರಿ. ಆ ಸಾಲಿನಲ್ಲಿ ನಿಮ್ಮ ಮಗುವೂ ಇರಬೇಕೆಂಬ ಆಸೆ ದೊಡ್ಡದು. ಅದು ಕೈತಪ್ಪಿದ್ದು ದುಃಖ, ದೋಷವಲ್ಲ; ದುಃಖಕ್ಕೆ ಅಳುವ ಹಕ್ಕು ನಿಮಗಿದೆ. ಹರಕೆ ಬಾಕಿ ಉಳಿಯಿತೆಂದು ಮನಸ್ಸು ಒಪ್ಪದಿದ್ದರೆ ನಿಮ್ಮ ವಿಗಾರರನ್ನು, ಅಂದರೆ ಇಗರ್ಜಿಯ ಧರ್ಮಗುರುಗಳನ್ನು, ಕೇಳಿ. ನ್ಯಾಯವಾದ ಕಾರಣವಿದ್ದಾಗ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರವನ್ನು ಧರ್ಮಸಭೆಯ ಕಾನೂನು ಅವರಿಗೇ ಕೊಟ್ಟಿದೆ. ಮುಂದಿನ ಸೆಪ್ಟೆಂಬರ್‌ಗೆ ಮಗು ಒಂದು ವರ್ಷದ್ದಾಗಿರುತ್ತದೆ. ಹೂವನ್ನು ತಾನೇ ಕೈಯಲ್ಲಿ ಹಿಡಿದೀತು, ಅರ್ಧ ತಿಂದೂಬಿಟ್ಟೀತು.

ಜ್ಞಾನಸ್ನಾನದ ಬಗ್ಗೆ ನಿಮಗೆ ಪೂರ್ತಿ ಸತ್ಯ ಹೇಳಬೇಕು. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಬೇಕೆಂದು ಧರ್ಮಸಭೆ ತಂದೆತಾಯಿಗೆ ಹೇಳುತ್ತದೆ, ಹಾಗಾಗಿ ನಿಮ್ಮ ಕಳವಳ ತಳಬುಡವಿಲ್ಲದ್ದಲ್ಲ. ಆದರೆ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಎಳೆಮಕ್ಕಳು ದೇವರಿಂದ ದೂರ ಎಲ್ಲೋ ಉಳಿಯುತ್ತಾರೆಂಬ ಹಳೆಯ ಕಲ್ಪನೆ ಎಂದೂ ವಿಶ್ವಾಸದ ಘೋಷಿತ ಸತ್ಯವಾಗಿರಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಈ ವಿಷಯದ ಮೇಲೇ ಒಂದು ದಸ್ತಾವೇಜು ಹೊರತಂದು, ಅಂಥ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆಯಿಡಲು ಗಟ್ಟಿ ಕಾರಣಗಳಿವೆ ಎಂದಿತು. ಪ್ರಾಣಾಪಾಯದ ಹೊತ್ತಿನಲ್ಲಿ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ ನೀರೆರೆದು ಜ್ಞಾನಸ್ನಾನ ಕೊಡಬಹುದೆಂಬ ನಿಯಮವೂ ಇದೆ. ನಿಮ್ಮ ಮುಂದೆ ಎರಡು ದಾರಿಗಳಿವೆ. ಈಗಲೇ ಸರಳವಾಗಿ ಜ್ಞಾನಸ್ನಾನ ಮಾಡಿಸಿ, ಕ್ರಿಸ್ಮಸ್‌ಗೆ ಮಗುವಿನ ತಂದೆ ಬಂದಾಗ ಬಂಧುಗಳನ್ನು ಕರೆದು ಊಟ ಹಾಕಬಹುದು. ಆಗ ನಿಮ್ಮ ರಾತ್ರಿಗಳು ಹಗುರವಾಗುತ್ತವೆ, ಆದರೆ ಆ ಗಳಿಗೆಗೆ ತಾನಿರಲಿಲ್ಲವೆಂಬ ಕೊರಗು ಅವರಿಗೆ ಉಳಿಯಬಹುದು. ಅಥವಾ ಕ್ರಿಸ್ಮಸ್‌ವರೆಗೆ ಕಾಯಬಹುದು. ಕಾಯುವುದಾದರೆ ವಿಗಾರರೊಡನೆ ಮಾತನಾಡಿ ದಿನಾಂಕ ನಿಗದಿ ಮಾಡಿಕೊಳ್ಳಿ. ತೀರ್ಮಾನವನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಮಾಡಿ. ಇಬ್ಬರ ನಿರ್ಧಾರದ ಭಾರವನ್ನು ನೀವೊಬ್ಬರೇ ಏಕೆ ಹೊರುತ್ತಿದ್ದೀರಿ?

ನೋವಿಲ್ಲದೆ ಹೆತ್ತದ್ದಕ್ಕೆ ಹಾಲಿಲ್ಲ ಎಂಬ ಮಾತು ಎರಡು ಕಡೆಯಿಂದಲೂ ತಪ್ಪು. ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ನೋವಿಲ್ಲ ಎನ್ನುವವರು ಆ ಹೊಲಿಗೆಯೊಡನೆ ಒಂದು ದಿನ ಕೆಮ್ಮಿ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 39 ಸಿಸೇರಿಯನ್. ಆದಿಕಾಂಡದ ‘ನೋವಿನಿಂದ ಹೆರುವೆ’ ಎಂಬ ಮಾತನ್ನು ಆಜ್ಞೆಯೆಂದು ಓದುವವರಿಗೆ, ಹೆರಿಗೆಯ ನೋವನ್ನು ಕಡಿಮೆ ಮಾಡುವುದು ಧರ್ಮಗ್ರಂಥಕ್ಕೆ ವಿರುದ್ಧವಲ್ಲವೆಂದು ಪೋಪ್ ಹನ್ನೆರಡನೆಯ ಪಿಯುಸ್ 1956ರ ಜನವರಿಯಲ್ಲೇ ವೈದ್ಯರ ಮುಂದೆ ಹೇಳಿದ್ದಾರೆ. ಹಾಲಿನ ಕಾರಣ ಸರಳವಾದದ್ದು: ಮಾಸು ಹೊರಬಿದ್ದ ಮೇಲೆ ಹಾರ್ಮೋನುಗಳು ಇಳಿದಾಗ ಹಾಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳಲ್ಲಿ ತುಂಬಿಕೊಳ್ಳುತ್ತದೆ; ಶಸ್ತ್ರಚಿಕಿತ್ಸೆ, ರಕ್ತಸ್ರಾವ, ಮಗುವನ್ನು ಎದೆಗೆ ಹಚ್ಚುವುದು ತಡವಾಗುವುದು, ಇವು ಅದನ್ನು ಇನ್ನಷ್ಟು ಮುಂದೂಡುತ್ತವೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಒಳ್ಳೆಯದೇ, ನಾನೂ ಅದನ್ನೇ ಹೇಳುತ್ತೇನೆ. ಆದರೆ ರಾತ್ರಿಯ ಒಂದು ಪುಡಿಹಾಲಿನಿಂದ ನೀವು ನಾಲ್ಕು ತಾಸು ಒಟ್ಟಿಗೆ ನಿದ್ರಿಸುವುದಾದರೆ ಸದ್ಯಕ್ಕೆ ಅದು ನಿಮಗೆ ಔಷಧಿಯ ಹಾಗೆ. ಅದರ ಅಪಾಯಗಳೂ ಇವೆ: ನೀರು ಕುದಿಸಿದ್ದಾಗಿರಬೇಕು, ಬಾಟಲಿಗಿಂತ ಒಳಲೆ ಅಥವಾ ಚಿಕ್ಕ ಬಟ್ಟಲು ಸ್ವಚ್ಛ, ಮತ್ತು ಎದೆಗೆ ಹಚ್ಚುವುದು ಒಂದು ಸಲ ತಪ್ಪಿದರೆ ಹಾಲಿನ ಉತ್ಪತ್ತಿ ಅಷ್ಟರಮಟ್ಟಿಗೆ ತಗ್ಗಬಹುದು. ಹಗಲಿನಲ್ಲಿ ಹಾಲು ಹಿಂಡಿ ಇಟ್ಟು ರಾತ್ರಿ ಅತ್ತೆಯ ಕೈಯಲ್ಲಿ ಕೊಡಿಸುವುದು ಇನ್ನೂ ಒಳ್ಳೆಯ ವ್ಯವಸ್ಥೆ.

ಈಗ ಬಾವಿಕಟ್ಟೆ. ಇದನ್ನು ಬರೆದುದಕ್ಕೆ ನಿಮಗೆ ಎಷ್ಟು ಧೈರ್ಯ ಬೇಕಾಯಿತೆಂದು ನಾನು ಬಲ್ಲೆ. ಇದೇ ಯೋಚನೆ ಕೆಲವರಲ್ಲಿ ತರಕಾರಿ ಹೆಚ್ಚುವ ಕತ್ತಿಯ ಸುತ್ತ, ಕೆಲವರಲ್ಲಿ ಕುದಿಯುವ ಬಾಣಂತಿ ನೀರಿನ ಹಂಡೆಯ ಸುತ್ತ, ಮಹಡಿ ಮನೆಯವರಲ್ಲಿ ಮೆಟ್ಟಿಲಿನ ಸುತ್ತ ಬರುತ್ತದೆ. ಪ್ರತಿಯೊಬ್ಬಳೂ ಜಗತ್ತಿನಲ್ಲಿ ತನಗೊಬ್ಬಳಿಗೇ ಹೀಗೆ ಎಂದುಕೊಂಡು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ನಿಜಕ್ಕೂ ಇದು ಹೊಸ ತಾಯಂದಿರಲ್ಲಿ ಬಹಳ ಸಾಮಾನ್ಯ. ಮಗುವನ್ನು ಕಾಪಾಡುವ ಹೊಣೆ ಬಿದ್ದ ಮೆದುಳು ಎಲ್ಲೆಲ್ಲಿ ಅಪಾಯವಿದೆಯೆಂದು ಸದಾ ಹುಡುಕುತ್ತಿರುತ್ತದೆ. ಬಾವಿಯನ್ನು ಕಂಡರೆ ‘ಬಿದ್ದರೆ?’ ಎನ್ನುತ್ತದೆ, ನಿದ್ದೆಗೆಟ್ಟಿದ್ದರೆ ಅದೇ ಮಾತು ತಿರುಚಿಕೊಂಡು ‘ಎಸೆದರೆ?’ ಎಂದಾಗುತ್ತದೆ. ಸುಮ್ಮನೆ ಬಿಟ್ಟರೆ ಅದು ಬಂದ ಹಾಗೆ ಹೋಗುತ್ತದೆ. ಆದರೆ ಪಾಪಭೀರುವಾದ ತಾಯಿ ಅದನ್ನು ಸುಮ್ಮನೆ ಬಿಡುವುದಿಲ್ಲ; ಹಿಡಿದು ನಿಲ್ಲಿಸಿ, ನೀನು ನನ್ನ ಇಚ್ಛೆಯೋ ಎಂದು ವಿಚಾರಣೆ ಮಾಡುತ್ತಾಳೆ, ಬಾವಿಯ ಕಡೆ ಹೋಗುವುದನ್ನೇ ಬಿಡುತ್ತಾಳೆ, ಬಂದಾಗಲೆಲ್ಲ ಪ್ರಾರ್ಥನೆ ಹೇಳಿ ಅಳಿಸಲು ನೋಡುತ್ತಾಳೆ. ಈ ವಿಚಾರಣೆ, ದೂರವಿರುವಿಕೆ, ಅಳಿಸುವಿಕೆಗಳೇ ಅದಕ್ಕೆ ನೀರೆರೆದು ಗೀಳಾಗಿ ಬೆಳೆಸುತ್ತವೆ.

ಈ ಯೋಚನೆ ಅಪಾಯಕಾರಿಯೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಅದು ಬಂದಾಗ ನಿಮಗೆ ಹೆದರಿಕೆಯಾಗುತ್ತದೆಯೇ, ಅಥವಾ ಅದು ಸರಿಯಾದ ಕೆಲಸ ಎನಿಸುತ್ತದೆಯೇ? ನಿಮಗೆ ಹೆದರಿಕೆಯಾಗಿದೆ, ಕೈ ನಡುಗಿದೆ, ನೀವು ಬಾವಿಯಿಂದ ದೂರ ಸರಿದಿದ್ದೀರಿ. ನಿಮ್ಮ ಮನಸ್ಸು ಒಪ್ಪಿಗೆ ಕೊಟ್ಟಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮೇಲೆ ಹೇಳಿದ ಧರ್ಮೋಪದೇಶದ ಅಳತೆಯಲ್ಲೂ ಇದು ಪಾಪವಲ್ಲ, ವೈದ್ಯಶಾಸ್ತ್ರದ ಅಳತೆಯಲ್ಲೂ ನೀವು ಮಗುವಿಗೆ ಕೇಡು ಬಗೆಯುವವರಲ್ಲ. ಇದಕ್ಕೆ ತೀರಾ ಬೇರೆಯಾದ ಸ್ಥಿತಿಯೊಂದಿದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದದ್ದು. ಸಾವಿರ ಹೆರಿಗೆಗಳಲ್ಲಿ ಒಬ್ಬರಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಶುರುವಾಗುತ್ತದೆ. ನಿದ್ದೆಯೇ ಬೇಡವೆನಿಸುವುದು, ಇಲ್ಲದ ದನಿ ಕೇಳುವುದು, ಮಾತು ದಿಕ್ಕು ತಪ್ಪುವುದು, ಮಗುವಿನಲ್ಲಿ ಸೈತಾನ ಸೇರಿದ್ದಾನೆಂದೋ ದೇವರೇ ತನಗೊಂದು ಆಜ್ಞೆ ಕೊಟ್ಟಿದ್ದಾನೆಂದೋ ದೃಢವಾಗಿ ನಂಬುವುದು ಅದರ ಲಕ್ಷಣಗಳು. ಭಕ್ತರ ಮನೆಯಲ್ಲಿ ಅದನ್ನು ದರ್ಶನವೆಂದೋ ಪಿಶಾಚಿಯ ಕಾಟವೆಂದೋ ತಿಳಿದು ಧ್ಯಾನಕೂಟಕ್ಕೆ ಕರೆದೊಯ್ಯುವ ಭಯ ಇರುವುದರಿಂದ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ: ಅದು ತುರ್ತು ಚಿಕಿತ್ಸೆ ಬೇಡುವ ಕಾಯಿಲೆ, ಆ ದಿನವೇ ಆಸ್ಪತ್ರೆಗೆ ಸೇರಿಸಬೇಕು, ಮಗುವನ್ನು ಅವಳೊಬ್ಬಳ ಬಳಿ ಬಿಡಬಾರದು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಆದರೂ ನಿಮ್ಮ ಮನೆಯವರು ಇದನ್ನು ತಿಳಿದಿರಲಿ.

ಪಾಪನಿವೇದನೆಗೆ ಹೋಗಬೇಕೆನಿಸಿದರೆ ಖಂಡಿತ ಹೋಗಿ, ಬಾವಿಯ ಯೋಚನೆಯನ್ನೂ ಹೇಳಿ. ಆದರೆ ಒಬ್ಬರೇ ಗುರುಗಳ ಬಳಿ, ಒಂದೇ ಸಲ. ಸಮಾಧಾನ ಸಾಲದೆಂದು ಮತ್ತೆ ಮತ್ತೆ ಹೋದರೆ ನಿವೇದನೆಯೂ ಗೀಳಿನ ಭಾಗವಾಗುತ್ತದೆ. ಇದು ಮನೋವೈದ್ಯರು ಮಾತ್ರ ಹೇಳುವ ಮಾತಲ್ಲ. ಯೇಸು ಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ 1522ರ ಸುಮಾರಿಗೆ ಸ್ಪೇನಿನ ಮನ್ರೆಸಾದಲ್ಲಿದ್ದಾಗ, ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಕೊಂಡರೂ ನೆಮ್ಮದಿ ಸಿಗದೆ, ತಮ್ಮ ಕೋಣೆಯಲ್ಲಿದ್ದ ಒಂದು ದೊಡ್ಡ ಕಿಂಡಿಯಿಂದ ಧುಮುಕಿಬಿಡಬೇಕೆಂಬ ಯೋಚನೆಯಿಂದ ನರಳಿದರು. ದೇವರು ಕೈಹಿಡಿಯುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ಉಪವಾಸ ಕುಳಿತಾಗ, ಉಪವಾಸ ಮುರಿ ಎಂದು ಆಜ್ಞೆ ಮಾಡಿದವರು ಅವರ ನಿವೇದನಾ ಗುರುಗಳೇ. ಕೊನೆಗೆ ಅವರು ಬಿಡುಗಡೆ ಪಡೆದದ್ದು, ಹಳೆಯದನ್ನು ಇನ್ನು ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದ ಮೇಲೆ. ಸಂತರನ್ನೇ ಬಿಡದ ಕಾಟ ನಿಮ್ಮನ್ನು ಹಿಡಿದದ್ದಕ್ಕೆ ನಿಮ್ಮ ಪ್ರಾರ್ಥನೆಯ ಕೊರತೆ ಕಾರಣವಾಗಲಾರದು.

ಕಿರುಚಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಮಾತಿಗೆ ಪಶ್ಚಾತ್ತಾಪ ಪಡುವುದು ಸಹಜ, ಅದು ಅಲ್ಲಿಗೇ ಮುಗಿಯಲಿ. ಮಗುವನ್ನು ಹಾಸಿಗೆಯಲ್ಲಿ ಮಲಗಿಸಿ ನೀವು ಅಂಗಳಕ್ಕೆ ಹೋದದ್ದು ಮಾತ್ರ ನಾವು ತಾಯಂದಿರಿಗೆ ಹೇಳಿಕೊಡುವ ಪಾಠವೇ: ಸಿಟ್ಟು ನೆತ್ತಿಗೇರಿದಾಗ ಮಗುವನ್ನು ಎಂದೂ ಕುಲುಕಬಾರದು, ಬೀಳದಂಥ ಜಾಗದಲ್ಲಿ ಬೆನ್ನ ಮೇಲೆ ಮಲಗಿಸಿ ಐದು ಹತ್ತು ನಿಮಿಷ ದೂರ ಹೋಗಬೇಕು. ನೀವು ಅದನ್ನು ಯಾರೂ ಹೇಳಿಕೊಡದೆಯೇ ಮಾಡಿದಿರಿ.

ಹಾಗಾದರೆ ಈ ಎಲ್ಲದರ ಬುಡದಲ್ಲಿ ಏನಿದೆ? ಹೆರಿಗೆಯ ಎರಡು ಮೂರನೆಯ ದಿನದಿಂದ ಎರಡು ವಾರಗಳವರೆಗೆ ಕಾರಣವಿಲ್ಲದ ಅಳು, ತಳಮಳ ಹೆಚ್ಚಿನ ತಾಯಂದಿರಿಗೆ ಬರುತ್ತದೆ, ತಾನಾಗಿ ಹೋಗುತ್ತದೆ. ನಿಮಗೆ 11 ವಾರ ಕಳೆದಿದೆ. ಸಂತೋಷ ಬತ್ತಿದೆ, ಸದಾ ನಿಮ್ಮನ್ನೇ ದೂರಿಕೊಳ್ಳುತ್ತೀರಿ, ಬದುಕು ಬೇಡವೆನಿಸುತ್ತಿದೆ; ಪತ್ರ ಓದಿ ರೋಗನಿರ್ಣಯ ಮಾಡಬಾರದು, ಆದರೂ ಇದು ಪ್ರಸವೋತ್ತರ ಖಿನ್ನತೆ, ಅದರೊಂದಿಗೆ ಗೀಳಿನ ಯೋಚನೆ ಎಂಬ ಸಂಶಯ ನನಗೆ ಬಲವಾಗಿದೆ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಇದು ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಬರುತ್ತದೆ. ತಪ್ಪಿತಸ್ಥ ಭಾವನೆ ಈ ಕಾಯಿಲೆಯ ಕಾರಣವಲ್ಲ, ಜ್ವರಕ್ಕೆ ಮೈಬಿಸಿ ಹೇಗೋ ಹಾಗೆ ಲಕ್ಷಣ. 1987ರಿಂದ ಜಗತ್ತಿನಾದ್ಯಂತ ಬಳಸುತ್ತಿರುವ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಲ್ಲಿ ಒಂದು ಇದೇ: ಕಳೆದ ಏಳು ದಿನಗಳಲ್ಲಿ ವಿನಾಕಾರಣ ನಿಮ್ಮನ್ನು ನೀವು ದೂಷಿಸಿಕೊಂಡಿದ್ದೀರಾ? ಈ ಪ್ರಶ್ನಾವಳಿ ಕನ್ನಡದಲ್ಲೂ ಇದೆ, ವೈದ್ಯರನ್ನು ಕೇಳಿ.

ಹೊಸ ತಾಯಿ ಕ್ರೈಸ್ತಳಾದರೆ ಈ ಲಕ್ಷಣಕ್ಕೆ ಮಾತು ಸುಲಭವಾಗಿ ಸಿಗುತ್ತದೆ. ಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಕೇಳುವುದು ನಿಮಗೆ ಬಾಲ್ಯದಿಂದ ಬಂದ ಅಭ್ಯಾಸ. ಎಳೆಗೂಸಿನ ಬೇಕುಗಳಿಗೆ ಕೊನೆಯಿಲ್ಲ. ಹಾಗಾಗಿ ‘ಮಾಡದೆ ಬಿಟ್ಟದ್ದು’ ಎಂಬ ಲೆಕ್ಕಕ್ಕೂ ಕೊನೆಯಿರುವುದಿಲ್ಲ. ಅದರ ಮೇಲೆ, ಕೇಳಿ ಪಡೆದ ಮಗು; ಅಳುವುದೇ ಕೃತಘ್ನತೆ ಎಂಬ ಮಾತು. ಐದು ವರ್ಷ ಕಾದವಳಿಗೂ ನಿದ್ದೆ ಬೇಕು, ಅವಳ ಹಾರ್ಮೋನುಗಳೂ ಇಳಿಯುತ್ತವೆ, ಅವಳ ಗಂಡನೂ ಸಮುದ್ರದಾಚೆ ಇದ್ದಾನೆ. ಬೈಬಲಿನಲ್ಲಿ ಪ್ರವಾದಿ ಎಲೀಯನು ಗಿಡದ ಕೆಳಗೆ ಕುಳಿತು ‘ಸಾಕು, ನನ್ನ ಪ್ರಾಣ ತೆಗೆದುಕೊ’ ಎಂದಾಗ ಅವನಿಗೆ ಸಿಕ್ಕಿದ್ದು ಗದರಿಕೆಯಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಆಮೇಲೆ. ನನ್ನ ಚಿಕಿತ್ಸೆಯ ಕ್ರಮವೂ ಅದೇ.

ಚಿಕಿತ್ಸೆಯ ದಾರಿಗಳನ್ನು ಅವುಗಳ ತೊಡಕಿನೊಂದಿಗೇ ಹೇಳುತ್ತೇನೆ. ಮನೆಯವರ ನೆರವು ಹೆಚ್ಚಿಸಿ ಕಾದು ನೋಡುವುದು ಮೊದಲ ಎರಡು ವಾರಕ್ಕೆ ಸರಿ. ಈಗ ಅದೊಂದನ್ನೇ ನೆಚ್ಚಿದರೆ ಕಾಯಿಲೆ ಬೇರೂರುತ್ತದೆ, ತಾಯಿ ಮಗುವಿನ ಒಡನಾಟಕ್ಕೂ ಪೆಟ್ಟು. ಮಾತಿನ ಚಿಕಿತ್ಸೆ ಖಿನ್ನತೆಗೂ ಗೀಳಿಗೂ ಚೆನ್ನಾಗಿ ಕೆಲಸ ಮಾಡುತ್ತದೆ: ದೂಷಣೆಯ ಯೋಚನೆಗಳನ್ನು ಪರೀಕ್ಷಿಸಲು ಕಲಿಸುತ್ತಾರೆ, ಮಗುವನ್ನೆತ್ತಿಕೊಂಡು ಮೆಲ್ಲಮೆಲ್ಲನೆ ಮತ್ತೆ ಬಾವಿಯ ಕಡೆ ನಡೆಯಲು ಅಭ್ಯಾಸ ಮಾಡಿಸುತ್ತಾರೆ. ಇದಕ್ಕೆ ಹಲವು ವಾರ ತಪ್ಪದೆ ಹೋಗಬೇಕು, ಎದೆಯೊಳಗಿನದನ್ನು ನಿಮ್ಮ ಭಾಷೆಯಲ್ಲಿ ಹೇಳುವಂತಿರಬೇಕು. ಕಾಸರಗೋಡಿನ ಆಸ್ಪತ್ರೆಗಳಲ್ಲಿ ಮಲಯಾಳದಲ್ಲೇ ಮಾತನಾಡಬೇಕಾಗಿ ಬಂದು, ಕನ್ನಡದವರು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಎದ್ದು ಬರುವುದನ್ನು ನಾನು ಬಹಳ ನೋಡಿದ್ದೇನೆ. ಮೊದಲೇ ವಿಚಾರಿಸಿಕೊಂಡು ಕನ್ನಡ ಬಲ್ಲವರನ್ನು ಕಾಣಿ. ಆಗದಿದ್ದರೆ ಮಂಗಳೂರು ನಿಮಗೆ ದೂರವೇನಲ್ಲ.

ನಿಮ್ಮ ಸ್ಥಿತಿಯಲ್ಲಿ, ಅದರಲ್ಲೂ ಬದುಕು ಬೇಡವೆಂಬ ಯೋಚನೆ ಇರುವಾಗ, ನಾನು ಮಾತ್ರೆಯನ್ನೂ ಸೇರಿಸುವ ಪಕ್ಷದವಳು. ಹಾಲೂಡಿಸುವ ತಾಯಂದಿರಲ್ಲಿ ಹೆಚ್ಚಾಗಿ ಆರಿಸುವುದು ಸರ್ಟ್ರಲಿನ್. ಎದೆಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆ, ಆದ್ದರಿಂದ ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಾಗಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಗೀಳಿಗೆ ಇನ್ನೂ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವಿಕೆ, ತಲೆನೋವು, ಚಡಪಡಿಕೆ ಬರಬಹುದು. ಚಡಪಡಿಕೆ ಹೆಚ್ಚಾದರೆ ತಕ್ಷಣ ತಿಳಿಸಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಿ ನಿಲ್ಲಿಸಬೇಕು. ಮನೆತನದಲ್ಲಿ ಯಾರಿಗಾದರೂ ಉನ್ಮಾದದ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ, ಏಕೆಂದರೆ ಅಂಥವರಲ್ಲಿ ಈ ಔಷಧಿ ಉನ್ಮಾದವನ್ನು ಕೆರಳಿಸಬಹುದು. ಒಳರೋಗಿಯಾಗಿ ಸೇರಬೇಕಾಗಿ ಬಂದರೂ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯ ಬೇಡ. ಮೂರು ವರ್ಷದೊಳಗಿನ ಮಗುವನ್ನು, ಅದಕ್ಕೆ ಅಪಾಯವಿದ್ದ ಹೊರತು, ತಾಯಿಯಿಂದ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಪ್ರಾರ್ಥನೆಯಿಂದಲೇ ಗುಣಪಡಿಸುತ್ತೇವೆ ಎನ್ನುವವರ ಬಳಿ ಹೋಗುವ ಆಲೋಚನೆ ಇದ್ದರೆ ಎರಡು ಷರತ್ತು: ಔಷಧಿ ನಿಲ್ಲಿಸಿ ಎಂದವರ ಕಡೆ ಹೋಗಬೇಡಿ, ರಾತ್ರಿಜಾಗರಣೆಗೂ ಉಪವಾಸಕ್ಕೂ ಕೂರಬೇಡಿ. ನಿದ್ದೆಗೆಟ್ಟ ಬಾಣಂತಿಗೆ ಇನ್ನೊಂದು ನಿದ್ದೆಯಿಲ್ಲದ ರಾತ್ರಿ ಕಾಯಿಲೆಯನ್ನು ನೇರವಾಗಿ ಉಲ್ಬಣಿಸುತ್ತದೆ. ಜಪಸರ ಹೇಳುತ್ತ ನಿದ್ದೆ ಹೋದರೆ ಹೋಗಲಿ. ಒಂದೇ ‘ನಮೋ ಮರಿಯಾ’ ಹೇಳಿ ಮಲಗಿ. 2014ರ ಜನವರಿಯಲ್ಲಿ ಸಿಸ್ಟೀನ್ ದೇವಾಲಯದಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಕೊಡುವಾಗ ಪೋಪ್ ಫ್ರಾನ್ಸಿಸ್, ಮಗು ಹಸಿದಿದ್ದರೆ ಹಿಂದೆಮುಂದೆ ನೋಡದೆ ಇಲ್ಲೇ ಹಾಲೂಡಿಸಿ, ಇಲ್ಲಿ ಮುಖ್ಯರಾದವರು ಅವರೇ ಎಂದು ತಾಯಂದಿರಿಗೆ ಹೇಳಿದ್ದರು. ಡಿಸೆಂಬರ್‌ನಲ್ಲಿ ನಿಮ್ಮ ಮಗು ಇಗರ್ಜಿಯಲ್ಲಿ ಅತ್ತರೆ ಆ ಮಾತು ನೆನಪಿರಲಿ.

ಗಂಡನಿಗೆ ಈ ಉತ್ತರವನ್ನು ಕಳುಹಿಸಿ. ದೂರದಲ್ಲಿರುವವರು ಮಾಡಬಹುದಾದದ್ದು ಬಹಳವಿದೆ: ಕ್ರಿಸ್ಮಸ್ ರಜೆಯನ್ನು ಎರಡು ವಾರ ಮೊದಲೇ ಪಡೆಯಲು ಪ್ರಯತ್ನಿಸುವುದು, ರಾತ್ರಿಗೆ ಸಹಾಯಕ್ಕೊಬ್ಬರನ್ನು ನೇಮಿಸಲು ಹಣ ಕಳುಹಿಸುವುದು, ನೋವಿನ ಮಾತಾಡುವ ನೆಂಟರಿಗೆ ತಾವೇ ಫೋನ್ ಮಾಡಿ ಹೇಳುವುದು. ಇವನ್ನೆಲ್ಲ ನೀವೇ ಕೇಳಬೇಕಾಗಿ ಬಂದರೆ ಅದೂ ಒಂದು ಭಾರ, ಹಾಗಾಗಿ ಇಲ್ಲಿ ನಾನೇ ಬರೆದಿದ್ದೇನೆ. ವೈದ್ಯರ ಬಳಿ ಹೋಗುವಾಗ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ. ಬಾಯಿ ಬರದಿದ್ದರೆ ನನಗೆ ಬರೆದ ಪತ್ರವನ್ನೇ ಅವರ ಮುಂದಿಡಿ. ರಕ್ತಹೀನತೆ ಮತ್ತು ಥೈರಾಯ್ಡ್ ಏರುಪೇರು ಹೆರಿಗೆಯ ನಂತರ ಇದೇ ಬಗೆಯ ಸುಸ್ತು, ಬೇಸರಗಳನ್ನು ತರುವುದರಿಂದ ಹಿಮೋಗ್ಲೋಬಿನ್, ಟಿಎಸ್‌ಎಚ್ ಎರಡನ್ನೂ ಪರೀಕ್ಷಿಸಲು ಕೇಳಿ. ಈ ಎರಡು ಪರೀಕ್ಷೆಗಳಿಗೆ ಖಾಲಿ ಹೊಟ್ಟೆಯಲ್ಲಿ ಇರಬೇಕಾಗಿಲ್ಲ. ಬೆಳಗಿನ ತಿಂಡಿ ಹೊಟ್ಟೆ ತುಂಬ ತಿಂದುಕೊಂಡೇ ಹೊರಡಿ.